ತೂಕದ ಅಮಾಸಿಯಂದು ಅವ್ವ ಎತ್ತಿಕೊಂಡ ಅರಿವೆ

ಗದಗ, ಕೆಳಓಣಿ
ಫೆಬ್ರವರಿ ನಲವತ್ತೊಂದು, ೨೩೧೬

ನನಗಿಂತ ಬಹಳ ಮೊದಲು ಬದುಕುತ್ತಿರುವವರಿಗೆ ಬಸಲಿಂಗವ್ವನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಬೇಸಿಗೆ ಉದ್ದವಾಗುತ್ತ ಬಂದಾಗ ನಮ್ಮ ಸರ್ಕಾರ ಬೇರೇನೂ ಮಾಡಲಾಗದೆ ಫೆಬ್ರವರಿಯನ್ನು ಹಿಗ್ಗಿಸಿ ಏಪ್ರಿಲ್, ಮೇ ತಿಂಗಳುಗಳನ್ನು ಕುಗ್ಗಿಸಿತು. ಬಿಸಿಲು ಆ ಕ್ಯಾಲೆಂಡರನ್ನು ಇನ್ನೂ ಓದಿದಂತಿಲ್ಲ. ಈ ಪತ್ರದ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಬೇಕು. ಯಾವ ಉಳಿತಾಯಕ್ಕೆ ಮೈಮುರಿದು ದುಡಿಯಬೇಕು, ಯಾವುದನ್ನು ಬಿಟ್ಟು ಹಗುರಾಗಬೇಕು ಎಂದು ನಿಮ್ಮ ಮನೆಗಳಲ್ಲಿಯೂ ಚರ್ಚೆ ನಡೆಯುತ್ತದೆ ಎಂದು ಕೇಳಿದ್ದೇನೆ. ನಮ್ಮ ಮನೆಯಲ್ಲಿ ಅದೇ ಚರ್ಚೆ ಒಂದು ಕಡೆ ಅವ್ವನ ಜೀವ, ಇನ್ನೊಂದು ಕಡೆ ಅತ್ತಿಗೆಯ ಕೈ ಎಂಬಲ್ಲಿಗೆ ಬಂದು ನಿಂತಿತು. ಅದನ್ನು ನಿಮಗೆ ತಿಳಿಸಲೆಂದೇ ಬರೆಯುತ್ತಿದ್ದೇನೆ.

ನಾವಿರುವುದು ನೆಲದೊಳಗೆ ಅಗೆದ ಮನೆಯಲ್ಲಿ. ಮೇಲೆ ಊರಿಗೆಲ್ಲ ಒಂದೇ ಚಪ್ಪರದಂತೆ ನೆರಳುಬಟ್ಟೆ ಕಟ್ಟಿದ್ದಾರೆ. ಹರಿದಲ್ಲಿ ಅದನ್ನು ಹೊಲಿಯುವುದು ನನ್ನ ಮತ್ತು ನಮ್ಮಣ್ಣ ಮುದುಕಪ್ಪನ ಕೆಲಸ. ಬಿಸಿಲೇರಿದ ಮೇಲೆ ಆ ಬಟ್ಟೆಯನ್ನು ಮುಟ್ಟಲಾಗದು, ಹಾಗಾಗಿ ನಸುಕಿನಲ್ಲೇ ಇಬ್ಬರೂ ಮನೆ ಬಿಡುತ್ತೇವೆ. ಮನೆಯಲ್ಲಿ ಉಳಿಯುತ್ತಿದ್ದವರು ಅವ್ವ ಫಕೀರವ್ವ ಮತ್ತು ಅಣ್ಣನ ಹೆಂಡತಿ ದಾಕ್ಷಾಯಣಿ. ಅವ್ವನ ಎದೆ ಬಿಸಿ ತಡೆಯುತ್ತಿರಲಿಲ್ಲ. ಅವಳಿಗೆಂದೇ ಅಡುಗೆಮನೆಯ ಹಿಂದೆ ಒಬ್ಬರು ಮಲಗುವಷ್ಟು ಅಗಲದ ತಂಪುಗೂಡು ಕಟ್ಟಿಸಿದ್ದೆವು. ತಂಪು ಓಣಿಯ ಕೇಂದ್ರದಿಂದ ಕೊಳವೆಯಲ್ಲಿ ಬರುತ್ತದೆ, ದುಡ್ಡಿಗಲ್ಲ, ನೀರಿಗೆ. ಕೇಂದ್ರದ ತೊಟ್ಟಿಗೆ ಎಷ್ಟು ನೀರು ಸುರಿಯುತ್ತೇವೋ ಅಷ್ಟು ಹೊತ್ತು ತಂಪು. ಆ ನೀರು ಬರುವುದು ಹನಿಯರಿವೆಯಿಂದ. ದಪ್ಪ ಅರಿವೆಗಳನ್ನು ರಾತ್ರಿ ಗವಾಕ್ಷಿಯಲ್ಲಿ ತೂಗುಬಿಡುತ್ತೇವೆ, ಗಾಳಿಯಲ್ಲಿದ್ದಷ್ಟು ತೇವ ಹೀರಿರುತ್ತವೆ, ಸೂರ್ಯ ಹುಟ್ಟುವ ಮೊದಲು ಹಿಂಡಿಕೊಳ್ಳಬೇಕು. ಹಿಂಡಲು ಯಂತ್ರ ಇಲ್ಲವೇ ಎಂದು ಕೇಳುತ್ತೀರಿ. ಇದೆ, ಆದರೆ ಅದು ತಿನ್ನುವ ಕರೆಂಟು ಅದು ಕೊಡುವ ನೀರಿಗಿಂತ ದುಬಾರಿ.

ಇದಲ್ಲದೆ ನಮಗೆ ಬೇರೆ ಉಳಿತಾಯಗಳೂ ಇದ್ದವು, ಅವುಗಳಲ್ಲಿ ಕೆಲವು ನಿಮ್ಮಿಂದಲೇ ಬಂದವು. ಮನೆಗೆ ನೆಲ ಅಗೆಯುವಾಗ ನೀವು ಹೂತ ಹಾಲಿನ ಕವರುಗಳು ರಾಶಿರಾಶಿಯಾಗಿ ಸಿಗುತ್ತವೆ. ಅವನ್ನು ತೊಳೆದು, ಹಗ್ಗಕ್ಕೆ ಒಣಹಾಕಿ, ಮಡಚಿ ಹಾಸಿಗೆಯ ಕೆಳಗೆ ಇಡುವುದು ನಮ್ಮ ಮನೆಗಳಲ್ಲಿ ದೊಡ್ಡ ಸಂಸ್ಕಾರ. ಏಕೆಂದು ಯಾರಿಗೂ ಗೊತ್ತಿಲ್ಲ. ಹಾಲು ಕಂಡವರೇ ಇಲ್ಲ. ಆದರೂ ಕವರು ಬಿಸಾಡಿದ ಸೊಸೆಯನ್ನು ಓಣಿಯೇ ಆಡಿಕೊಳ್ಳುತ್ತದೆ. ಉಪ್ಪು ಸ್ವಲ್ಪ ಅಗ್ಗವೆಂದು ಮೂರು ಓಣಿ ದಾಟಿ ಹೋಗಿ, ಬರುವಷ್ಟರಲ್ಲಿ ಎರಡು ತಂಬಿಗೆ ನೀರು ಕುಡಿಯುವವರಿದ್ದಾರೆ. ನಮ್ಮಣ್ಣನೇ ಅಂಥವನು. ಉಪ್ಪಿನ ಚೀಲ ಕೆಳಗಿಟ್ಟು, ಗೆದ್ದುಬಂದವನ ಹಾಗೆ ಮೀಸೆ ತಿರುವುತ್ತಿದ್ದ.

ಇಂಥವುಗಳನ್ನು ತೂಗಿ ನೋಡಿ ಜಾಲಿಸಲೆಂದು ಹಿರಿಯರು ತೂಕದ ಅಮಾಸಿ ಎಂಬ ಹಬ್ಬ ಮಾಡಿದ್ದಾರೆ. ಫೆಬ್ರವರಿ ಮುಗಿಯುವಾಗ ಬರುತ್ತದೆ. ಆ ದಿನ ಮನೆಯವರೆಲ್ಲ ಸುತ್ತ ಕೂರುತ್ತಾರೆ. ಪ್ರತಿ ಉಳಿತಾಯಕ್ಕೂ ಅದರ ಗುರುತಾಗಿ ಒಂದು ವಸ್ತುವನ್ನು ನಡುವೆ ಇಡುತ್ತಾರೆ: ಕವರಿಗೆ ಕವರು, ಉಪ್ಪಿಗೆ ಚೀಲ, ಅರಿವೆಗೆ ಅರಿವೆ. ಯಾವುದು ಬೇಕು ಎನಿಸುತ್ತದೆಯೋ ಅದನ್ನು ಎತ್ತಿಕೊಳ್ಳಬೇಕು. ಎತ್ತಿಕೊಂಡವರೇ ವರ್ಷವಿಡೀ ಅದನ್ನು ಮಾಡಬೇಕು, ಬೇರೆಯವರು ಕೈಹಚ್ಚುವಂತಿಲ್ಲ. ಯಾರೂ ಎತ್ತದ್ದು ಒಲೆಗೆ ಹೋಗುತ್ತದೆ. ಒಬ್ಬರು ಇನ್ನೊಬ್ಬರ ಮೇಲೆ ಹೇರಬಾರದೆಂದು ಮಾಡಿದ ನಿಯಮವಿದು. ಅರಿವೆಯನ್ನು ಪ್ರತಿವರ್ಷ ಅತ್ತಿಗೆ ಎತ್ತಿಕೊಳ್ಳುತ್ತಿದ್ದಳು. ಎತ್ತಿಕೊಂಡಿದ್ದಾಳೆಂದರೆ ಮನಸ್ಸಿದೆ ಎಂದು ಲೆಕ್ಕ. ನಸುಕಿನಲ್ಲಿ ಮನೆಯಲ್ಲಿರುವ ಗಟ್ಟಿ ಜೀವ ಅವಳೊಬ್ಬಳೇ, ಅವಳು ಎತ್ತದಿದ್ದರೆ ಅವ್ವನ ಗತಿ ಏನು ಎಂಬುದು ಆ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಇಂಥ ತಪ್ಪು ನಮ್ಮ ಕಾಲದವರು ಮಾತ್ರ ಮಾಡಬಲ್ಲರು, ಅದೂ ನಿಯಮಬದ್ಧವಾಗಿ.

ಹಿಂಡಿ ಹಿಂಡಿ ಅವಳ ಬೆರಳುಗಳು ಕೊಕ್ಕೆಯಂತೆ ಸೊಟ್ಟಗಾದವು. ಇನ್ನೊಂದು ವರ್ಷ ಹೀಗೇ ನಡೆದರೆ ಮತ್ತೆ ನೆಟ್ಟಗಾಗುವುದಿಲ್ಲ ಎಂದು ವೈದ್ಯರು ಹೇಳಿದರು. ಅವಳು ಅದನ್ನು ಯಾರಿಗೂ ಹೇಳಬೇಡಿರೆಂದು ಕೇಳಿಕೊಂಡಳಂತೆ. ಆದರೆ ಕೈಯನ್ನು ಎಷ್ಟು ದಿನ ಮುಚ್ಚಿಡಲಾದೀತು? ತಲೆ ಬಾಚಿಕೊಳ್ಳಲು ನನ್ನನ್ನು ಕರೆಯುತ್ತಿದ್ದಳು. ರೊಟ್ಟಿ ಮುರಿಯಲಾಗದೆ ಗೋಡೆಯ ಕಡೆ ತಿರುಗಿ ಕೂತು ಉಣ್ಣುತ್ತಿದ್ದಳು.

ಹೋದ ವರ್ಷದ ಅಮಾಸಿಯಂದು ಅವ್ವ ತನ್ನನ್ನೂ ಹೊರಗೆ ತಂದು ಕೂರಿಸಿ ಎಂದಳು. ದಿಂಬಿಗೆ ಒರಗಿಸಿ ಕೂರಿಸಿದೆವು. ಅಣ್ಣ ಉಪ್ಪಿನ ಚೀಲ ಎತ್ತಿಕೊಂಡ, ನಾನು ಹಳೆಯ ದಾರ ಬಿಚ್ಚಿ ಸುತ್ತಿಡುವುದನ್ನು ಎತ್ತಿಕೊಂಡೆ. ಅತ್ತಿಗೆ ಅರಿವೆಯ ಕಡೆ ಬಾಗಿದಳು. ಅಷ್ಟರಲ್ಲಿ ಅವ್ವ ಅದನ್ನು ಸರಕ್ಕನೆ ಎಳೆದು ತೊಡೆಯ ಮೇಲೆ ಹಾಕಿಕೊಂಡಳು.

“ಈ ವರ್ಷ ಇದು ನಂದು,” ಎಂದಳು.

“ಅತ್ತೀ, ಕೊಡ್ರಿ ಇಲ್ಲಿ. ನಿಮಗ ಏಳಾಕ ಬರಂಗಿಲ್ಲ, ಹೆಂಗ ಹಿಂಡ್ತೀರಿ?” ಅತ್ತಿಗೆ ಅರಿವೆಯ ಅಂಚು ಹಿಡಿದಳು.

“ಹಿಂಡ್ತೀನೋ ಬಿಡ್ತೀನೋ, ಎತ್ತಿದಾಕಿ ನಾನು. ನೀ ಕೈ ತಗಿ.”

ಅಣ್ಣನಿಗೆ ಆಗ ಅರ್ಥವಾಯಿತು. “ಯವ್ವಾ, ಹಿಂಗ ಮಾಡಬ್ಯಾಡ. ನಿನಗ ತಂಪ ಎಲ್ಲಿಂದ ತರೂದು?”

“ತಂಪ ಸಾಕಾಗೇತೋ ತಮ್ಮಾ. ಈಕಿ ಗ್ವಾಡಿಗೆ ಮಾರಿ ಮಾಡಿ, ರೊಟ್ಟಿ ಹಲ್ಲಿಲೆ ಹರ್ಕೊಂಡು ತಿನ್ನೂದು ನೋಡಿ ನೋಡಿ ನನಗ ತುತ್ತು ಗಂಟಲದಾಗ ಇಳಿವಲ್ದು.”

ನಿಯಮ ಅವಳ ಪರವಾಗಿತ್ತು: ಎತ್ತಿಕೊಂಡವಳು ಹಿಂಡದಿದ್ದರೂ ಬೇರೆಯವರು ಕೈಹಚ್ಚುವಂತಿರಲಿಲ್ಲ. ಅತ್ತಿಗೆ ಅತ್ತಳು, ಕಾಲು ಹಿಡಿದಳು. ನಾನು ಅರಿವೆಯನ್ನು ಕಿತ್ತುಕೊಳ್ಳಲು ನೋಡಿದೆ, ಅವ್ವ ಬಿಡಲಿಲ್ಲ. ಅವಳ ಮುಷ್ಟಿಯಲ್ಲಿ ಅಷ್ಟು ಬಲ ಇನ್ನೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ನಾವು ಉಳಿದೆಲ್ಲ ಉಳಿತಾಯಗಳಿಗೆ ಹುಚ್ಚರಂತೆ ಬಿದ್ದೆವು. ಮುಖ ತೊಳೆದ ನೀರು ಹಿಡಿದಿಟ್ಟೆವು, ದಿನಕ್ಕೆ ಒಂದು ಹೊತ್ತು ಒಲೆ ಹಚ್ಚಲಿಲ್ಲ, ಹಾಸಿಗೆಯ ಕೆಳಗಿನ ಕವರುಗಳನ್ನೆಲ್ಲ ಮಾರಿ ನೀರು ಕೊಂಡೆವು, ಅಣ್ಣ ಉಪ್ಪಿಗೆ ಇನ್ನೂ ದೂರ ನಡೆದ. ಎಲ್ಲದರಿಂದ ಬಂದ ನೀರನ್ನು ಕೂಡಿಸಿ ತೊಟ್ಟಿಗೆ ಸುರಿದರೂ ತಂಪುಗೂಡು ಒಂದು ಮಧ್ಯಾಹ್ನ ದಾಟುತ್ತಿರಲಿಲ್ಲ. ವರ್ಷಗಟ್ಟಲೆ ನಮ್ಮನ್ನು ದಣಿಸಿದ, ನಾವು ಜಿಪುಣರೆಂದು ಹೆಮ್ಮೆಪಟ್ಟ ಅಷ್ಟೂ ಕೆಲಸ ಸೇರಿದರೂ ಅತ್ತಿಗೆಯ ಒಂದು ನಸುಕಿನ ದುಡಿಮೆಗೆ ಸಮವಾಗಲಿಲ್ಲ. ಮೇ ತಿಂಗಳಲ್ಲಿ, ಸರ್ಕಾರ ಬಹಳ ಚಿಕ್ಕದು ಮಾಡಿದ ಆ ಮೇ ತಿಂಗಳಲ್ಲಿ, ಅವ್ವ ತೀರಿಕೊಂಡಳು. ಅರಿವೆ ಅವಳ ತಲೆಯ ಕೆಳಗಿತ್ತು. ನನಗೆ ಅವಳ ಮೇಲೆ ಇವತ್ತಿಗೂ ಸಿಟ್ಟಿದೆ, ಅವಳನ್ನು ನೆನೆಯದ ದಿನವೂ ಇಲ್ಲ.

ಈಗ ನನ್ನದೊಂದು ಬೇಡಿಕೆ. ನಿಮ್ಮ ಕಾಲದಲ್ಲಿ ಯಾವುದೋ ಒಂದು ಉಳಿತಾಯವನ್ನು ದಂಡವೆಂದು ಕೈಬಿಟ್ಟರೆ ಯಾರೂ ಸಾಯುವುದಿಲ್ಲ. ಅದು ಎಂಥ ಭಾಗ್ಯವೆಂದು ನಿಮಗೆ ತಿಳಿಯದು. ಆ ಭಾಗ್ಯ ಇರುವಾಗಲೇ ಕೂತು ನೋಡಿ. ಕವರು ಮಡಚಿಟ್ಟ ಸಮಾಧಾನದಲ್ಲಿ ಒಬ್ಬಿಬ್ಬರಿಗಾಗಿ ಇಡೀ ಮನೆ ತಂಪು ಮಾಡಿಕೊಂಡು ಮಲಗಿದ್ದೀರಾ ಎಂದು ನೋಡಿ. ಮನೆಯಲ್ಲಿ ನಿಜವಾಗಿ ಉಳಿಸುವ ಕೆಲಸ ಯಾವುದು, ಅದು ಯಾರ ಕೈಯಿಂದ ನಡೆಯುತ್ತಿದೆ, ಅವರನ್ನು ಯಾರಾದರೂ ಕೇಳಿದ್ದಾರೆಯೇ ಎಂದು ನೋಡಿ. ಉಳಿದದ್ದನ್ನು ಬಿಟ್ಟು ಆ ಒಂದು ಕೆಲಸಕ್ಕೆ ಎಲ್ಲರೂ ಕೈಹಚ್ಚಿ. ನಮಗಾಗಿ ಏನಾದರೂ ಉಳಿಸುವಿರಾದರೆ ಅಷ್ಟು ಸಾಕು.

ಅತ್ತಿಗೆಯ ಬೆರಳುಗಳು ವಾಸಿಯಾಗಿವೆ. ಜಡೆಯನ್ನು ತಾನೇ ಹೆಣೆದುಕೊಳ್ಳುತ್ತಾಳೆ. ಯಾರಾದರೂ ಕೈ ನೋಡಿದರೆ ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಬರುವ ವಾರ ಮತ್ತೆ ತೂಕದ ಅಮಾಸಿ. ತಂಪುಗೂಡಿನಲ್ಲಿ ಯಾರೂ ಇಲ್ಲದಿದ್ದರೂ ಅರಿವೆಯನ್ನು ತಾನೇ ಎತ್ತಿಕೊಳ್ಳುವುದಾಗಿ ನಿನ್ನೆ ಅಂದಳು. “ಯಾರಿಗೆ ವೈನೀ?” ಎಂದು ಅತ್ತಿಗೆಯನ್ನು ಕೇಳಿದೆ. “ಈ ಕೈ ನೆಟ್ಟಗಿರೂದು ನೋಡಾಕ ಆಗವಲ್ದವಾ ನನಗ,” ಎಂದಳು. ಅಮಾಸಿಯ ದಿನ ಅರಿವೆಯ ಪಕ್ಕದಲ್ಲೇ ಕೂರುತ್ತೇನೆ, ಅವಳು ಬಾಗುವ ಮೊದಲೇ ಎತ್ತಿಕೊಳ್ಳುತ್ತೇನೆ, ಅವ್ವನ ಹಾಗೆ, ಹಿಂಡಲಿಕ್ಕಲ್ಲ.

ಬಿಸಿಲೇರುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ನಿಮ್ಮ ಮನೆಯ ಕೈಗಳು ಚೆನ್ನಾಗಿರಲಿ.

ನಿಮ್ಮ
ಬಸಲಿಂಗವ್ವ