ಮೂವತ್ತೆಂಟನೇ ನಂಬರಿನ ಹಳದಿ

ಕ್ರಿ.ಶ. 2171, ಕಾರ್ತಿಕದ ಮೂವತ್ತಮೂರನೆಯ ದಿನ

ಹಳೇ ಗಿರಣಿ ರಸ್ತೆಯ ಸಿದ್ದಗಂಗಮ್ಮನವರಿಗೆ ನಿಮ್ಮ ಮೊಮ್ಮಗಳ ಮೊಮ್ಮಗಳು ಚಂದನಿ ಮಾಡುವ ನಮಸ್ಕಾರಗಳು.

ತಿಂಗಳಿಗೆ ಮೂವತ್ತಮೂರು ದಿನವೇ ಎಂದು ಹುಬ್ಬೇರಿಸಬೇಡಿ, ನಮ್ಮಲ್ಲಿ ವರ್ಷಕ್ಕೆ ಹನ್ನೊಂದೇ ತಿಂಗಳು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮಗೀಗ ಮೂವತ್ತಾರು, ನನಗೆ ನಲವತ್ತೊಂದು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ. ಜಗಳ ಆಡುವುದಕ್ಕೂ ಒಂದು ಸಂಬಂಧ ಬೇಕಲ್ಲ.

ನಾವಿರುವುದು ನಿಮ್ಮ ಜಾಗದಲ್ಲೇ, ಆದರೆ ಹನ್ನೊಂದನೇ ಅಟ್ಟದಲ್ಲಿ. ಕೆಳಗಿರುವುದು ನೆಲಮುಚ್ಚಿಗೆ. ನಕ್ಷೆಯಲ್ಲಿ ಕೈಗಾರಿಕೆಯ ನೇರಳೆ ಬಣ್ಣ ಬಿದ್ದ ಕಡೆಯೆಲ್ಲ ಮಣ್ಣಿನ ಮೇಲೆ ಎರಡಾಳು ದಪ್ಪದ ಹಾಸು ಹಾಕಿ ಬಿಗಿದಿದ್ದಾರೆ, ಅದಕ್ಕೆ ಆ ಹೆಸರು. ಇಡೀ ರಸ್ತೆ ನೇರಳೆ. ಎದುರಿನ ಮೂವತ್ತೆಂಟನೇ ನಂಬರು ಮಾತ್ರ ಇಂದಿಗೂ ಹಳದಿ, ಅಂದರೆ ವಾಸದ ವಲಯ. ಅಲ್ಲಿರುವವಳು ರತ್ನಾವಳಿ. ಅವಳಿಗೆ ಹಿತ್ತಲಿದೆ, ಹಿತ್ತಲಲ್ಲಿ ನಿಜವಾದ ಮಣ್ಣಿದೆ, ಒಂದು ಕರಿಬೇವಿನ ಗಿಡವಿದೆ, ಸಂಡಿಗೆ ಒಣಗಿಸಲು ಬಿಸಿಲು ಬೀಳುವ ಜಾಗವಿದೆ. ಪ್ರತಿ ಗುರುವಾರ ತಪ್ಪದೆ ನಮಗೆ ಕರಿಬೇವು ಕಳಿಸುತ್ತಾಳೆ. ಹಾಳಾದವಳು ಒಳ್ಳೆಯವಳು ಬೇರೆ! ಒಗ್ಗರಣೆ ಹಾಕುವಾಗಲೆಲ್ಲ ನನ್ನ ಹೊಟ್ಟೆಯೂ ಚಟಪಟ ಉರಿಯುತ್ತದೆ.

ನನ್ನ ಮಗಳು ಮಿಂಚು ಸಂಜೆಯಾದರೆ ಅಲ್ಲೇ ಇರುತ್ತಾಳೆ. ಹೋದ ತಿಂಗಳು ಅವಳ ಕಾಲಿನ ಕೆಸರು ತೊಳೆಯುತ್ತಿದ್ದೆ. "ನಾನು ರತ್ನತ್ತೆ ಹೊಟ್ಟೇಲೇ ಹುಟ್ಬೇಕಿತ್ತು ಕಣಮ್ಮ" ಎಂದಳು.

ಮಾರನೇ ದಿನವೇ ನಗರಸಭೆಯ ದಾಖಲೆ ಕೋಣೆಗೆ ಹೋದೆ. ಆ ಮನೆಯವರ ಹಿರೀಕರು ವಶೀಲಿ ಮಾಡಿಸಿಯೇ ಹಳದಿ ಉಳಿಸಿಕೊಂಡಿರಬೇಕು, ಅದನ್ನು ಬಯಲಿಗೆಳೆಯಬೇಕು ಎಂಬುದೇ ನನ್ನ ಹಟ. ಹತ್ತೊಂಬತ್ತು ದಿನ ಧೂಳು ಕುಡಿದು ಕರಡು ಯೋಜನೆ, ಪ್ರಕಟಣೆ, ನಡಾವಳಿ ಎಲ್ಲ ತಿರುವಿಹಾಕಿದೆ. ಇಡೀ ರಸ್ತೆಯನ್ನು ನೇರಳೆ ಮಾಡುತ್ತೇವೆ, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದುಕೊಡಿ ಎಂದು ನಿಮ್ಮ ಕಾಲದಲ್ಲಿ ಕೇಳಿದ್ದರು. ಕಡತದಲ್ಲಿದ್ದದ್ದು ಒಂದೇ ಒಂದು ಆಕ್ಷೇಪಣೆ. ಅದು ನಿಮ್ಮದು, ಅಜ್ಜಿ.

ಎಷ್ಟು ಚೆನ್ನಾಗಿ ಬರೆದಿದ್ದೀರಿ! ಬಾವಿ, ಎರಡು ತೆಂಗು, ಮಕ್ಕಳು ಆಡುವ ಹಿತ್ತಲು, ಯಾವುದನ್ನೂ ಬಿಟ್ಟಿಲ್ಲ. ಆದರೆ ಕೆಳಗೆ ಬರೆದಿರುವ ಮನೆ ನಂಬರು ಮೂವತ್ತೆಂಟು. ಅದರ ಹಿಂದಿನ ವರ್ಷವಷ್ಟೇ ನಗರಸಭೆಯವರು ಬಾಗಿಲಿಗೆಲ್ಲ ಹೊಸ ನಂಬರು ಹೊಡೆದುಹೋಗಿದ್ದರು. ನಿಮ್ಮದು ಅರವತ್ತೊಂದಾಗಿತ್ತು, ನಿಮ್ಮ ಹಳೇ ಮೂವತ್ತೆಂಟು ಎದುರುಮನೆಗೆ ಹೋಗಿತ್ತು. ಗ್ಯಾಸಿನವನಿಗೂ ಮದುವೆ ಕಾಗದಕ್ಕೂ ಬೀದಿಯವರೆಲ್ಲ ಹಳೇ ನಂಬರನ್ನೇ ಹೇಳುತ್ತಿದ್ದಿರಿ, ಅರ್ಜಿಯಲ್ಲೂ ಕೈ ಅದನ್ನೇ ಬರೆದಿದೆ. ಅಧಿಕಾರಿಗಳು ನಿಮ್ಮ ಮಾತನ್ನು ಒಪ್ಪಿದರು, ಮೂವತ್ತೆಂಟನ್ನು ಹಳದಿಯಾಗಿಯೇ ಬಿಟ್ಟರು. ನೂರ ನಲವತ್ತೈದು ವರ್ಷ ಎದುರುಮನೆಯವರು ತುಳಿದದ್ದು ನೀವು ಉಳಿಸಿದ ಮಣ್ಣನ್ನು. ಅಲ್ಲೇ ಬೆಂಚಿನ ಮೇಲೆ ಕೂತು ಗೊಳೋ ಎಂದು ಅತ್ತೆ.

ಈಗ ನನ್ನ ಪಾಡು ಕೇಳಿ. ತಪ್ಪು ತೋರಿಸಿದರೆ ದಾಖಲೆ ತಿದ್ದುತ್ತಾರೆ. ಆದರೆ ರಸ್ತೆಗೊಂದೇ ಹಳದಿ ಎಂಬುದು ನಮ್ಮ ಕಾನೂನು. ನಮ್ಮ ಹಾಸು ಒಡೆದ ದಿನವೇ ರತ್ನಾವಳಿಯ ಹಿತ್ತಲಿಗೆ ಹಾಸು ಬೀಳುತ್ತದೆ. ಅರ್ಜಿ ಕೊಡಲು ನಾಳೆಯೇ ಕೊನೆಯ ದಿನ. ನಾನು ಕೊಡುತ್ತೇನೆ. ನಾಚಿಕೆಯಾಗುತ್ತಿದೆ, ಆದರೂ ಕೊಡುತ್ತೇನೆ.

ಅದಕ್ಕೇ ಈ ಕಾಗದ. ನಿಮ್ಮ ಮೂವತ್ತು ದಿನ ಇನ್ನೂ ಮುಗಿದಿರದಿದ್ದರೆ, ದಮ್ಮಯ್ಯ ಅಜ್ಜಿ, ಬಾಗಿಲಾಚೆ ಬಂದು ಗೋಡೆಯ ಮೇಲಿನ ನಂಬರು ನೋಡಿಕೊಂಡು ಬರೆಯಿರಿ. ಆಗ ರತ್ನಾವಳಿಗೆ ಮೊದಲಿನಿಂದಲೂ ಮಣ್ಣಿರುವುದಿಲ್ಲ, ಅವಳಿಂದ ಕಿತ್ತುಕೊಂಡವಳು ನಾನಾಗುವುದಿಲ್ಲ.

ಇಂತಿ,
ಚಂದನಿ