ಕೊನೆಯ ಅಕ್ಷರದವರೆಗೂ ಕೂತವಳು

ಸುರಬಾಯಾ,
ನವೆಂಬರ್ ೧೨, ಬುಧವಾರ

ಪ್ರೀತಿಯ ತೊಕಿಯೆ ಅಕ್ಕಾ,

ಕಣ್ಣು ಹೇಗಿದೆ? ಮೊದಲು ಅದನ್ನು ಹೇಳು. ನಾನು ಹೊರಡುವ ಹಿಂದಿನ ದಿನ ನೀನು ಫೋನಿನಲ್ಲಿ, ‘ಕಣ್ಣು ಮಂಜಾಗ್ತಿದೆ ಕಣೋ ಕೆನ್‌ಗೊ, ಈ ತಿಂಗಳು ಮುಗಿದ್ಮೇಲೆ ಮೀನಿನ ಶೆಡ್ಡಿಗೆ ಹೋಗಲ್ಲ, ಕಾಣದೋಳು ಕತ್ತಿ ಹಿಡೀಬಾರ್ದು’ ಅಂದೆಯಲ್ಲ, ವಿಮಾನದಲ್ಲಿ ಊಟ ತಂದಿಟ್ಟಾಗಲೂ ಅದೇ ಯೋಚನೆ. ಹತ್ತೊಂಬತ್ತಕ್ಕೆ ಕತ್ತಿ ಹಿಡಿದವಳು, ನಲವತ್ತನಾಲ್ಕು ವರ್ಷ ಬಂಗುಡೆ ಸೀಳಿದ್ದೀಯ, ಒಂದು ದಿನವೂ ಬೆರಳು ಕೊಯ್ದುಕೊಂಡವಳಲ್ಲ. ಅಲ್ಲಿ ಆಗಲೇ ಚಳಿ ಬಿದ್ದಿರಬೇಕು. ಚಳಿ ಕಾಯಿಸುವ ಒಲೆಗೆ ಸೀಮೆಎಣ್ಣೆ ತರಿಸಿದೆಯಾ? ದಪ್ಪ ಕಾಲುಚೀಲವನ್ನು ಪೆಟ್ಟಿಗೆಯಲ್ಲಿ ಇಟ್ಟು ಪೂಜೆ ಮಾಡಬೇಡ, ಹಾಕಿಕೋ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ನೀನು ‘ಅಯ್ಯೋ ಬಿಡೋ ಮಾರಾಯ’ ಅಂದುಬಿಡುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ನಾನು ಚೆನ್ನಾಗಿದ್ದೇನೆ. ಇಲ್ಲಿ ಸೆಕೆಯೋ ಸೆಕೆ, ಬೆಳಿಗ್ಗೆ ಹಾಕಿದ ಅಂಗಿ ಹತ್ತು ಗಂಟೆಗೇ ಒದ್ದೆ. ನಮ್ಮ ದೇಶದ ಈಗಿನ ಸಿನಿಮಾಗಳನ್ನು ಹೊರಗಿನವರಿಗೆ ತೋರಿಸುವ ಉತ್ಸವ ಇದು. ಹನ್ನೆರಡು ಸಿನಿಮಾ ಹೊತ್ತುಕೊಂಡು ಊರಿಂದೂರಿಗೆ ತಿರುಗುತ್ತಾರೆ. ನಮ್ಮ ‘ಆ ವರ್ಷದ ಬಂಗುಡೆ’ ನಿನ್ನೆ ಮಧ್ಯಾಹ್ನ ಇತ್ತು. ಸಭಾಂಗಣ ಭರ್ತಿ, ಮೆಟ್ಟಿಲ ಮೇಲೂ ಜನ. ನೀನು ಬರುವ ಹನ್ನೊಂದು ನಿಮಿಷ ಇದೆಯಲ್ಲ, ಮೀನು ಸೀಳುತ್ತಾ ಬಂದರಿನ ಅಧಿಕಾರಿಯನ್ನು ಬಯ್ಯುವುದು, ಅಲ್ಲಿ ಇವರು ಬಿದ್ದು ಬಿದ್ದು ನಕ್ಕರು. ನಮ್ಮಲ್ಲಿ ತೋರಿಸಿದಾಗ ಯಾರೂ ನಕ್ಕಿರಲಿಲ್ಲ. ಆಮೇಲೆ ನೀನು ಸುಮ್ಮನಾಗಿ ಬರೀ ಕತ್ತಿ ಆಡಿಸುತ್ತೀಯಲ್ಲ, ಆಗ ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಿಜ ಹೇಳಲಾ, ಇಡೀ ಸಿನಿಮಾದಲ್ಲಿ ಜನರ ಮನಸ್ಸಿಗೆ ಹಿಡಿಸುವುದು ನೀನೊಬ್ಬಳೇ. ನಾನು ಬರೆದ ಮಾತುಗಳೆಲ್ಲ ಸಪ್ಪೆ.

ಸಿನಿಮಾ ಮುಗಿದು ಹೆಸರುಗಳ ಪಟ್ಟಿ ಮೇಲೇರಲು ಶುರುವಾಯಿತೋ ಇಲ್ಲವೋ, ಜನ ದಡದಡ ಎದ್ದರು. ಮಾತೇನು, ಚಹಾ ಏನು, ಪಕ್ಕದವರ ಜೊತೆ ಫೋಟೋ ಏನು! ನಮ್ಮಲ್ಲಿ ಕೊನೆಯ ಹೆಸರು ಹೋಗಿ ದೀಪ ಹತ್ತುವವರೆಗೆ ಯಾರಾದರೂ ಅಲ್ಲಾಡುತ್ತಾರೆಯೇ? ಎಂಥ ಜನವಪ್ಪಾ ಎಂದು ಮೈ ಉರಿಯಿತು. ಮರುಕ್ಷಣವೇ ಒಳಗೊಳಗೆ ಸಮಾಧಾನವೂ ಆಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಆಯಿತು. ಓದದಿದ್ದರೆ ಒಳ್ಳೆಯದೇ, ಯಾರೂ ಏನೂ ಕೇಳುವುದಿಲ್ಲ ಎಂದುಕೊಂಡೆ. ಆಗಸ್ಟಿನಲ್ಲಿ ನಮ್ಮ ಬಂದರಿನ ಸಭಾಭವನದಲ್ಲಿ ತೋರಿಸಿದ್ದು ನೆನಪಾಯಿತು. ನೀನು ಆ ನೀಲಿ ಕಿಮೋನೋ ಉಟ್ಟು, ಎರಡೂ ಕೈ ಮಂಡಿಯ ಮೇಲಿಟ್ಟು, ಪಟ್ಟಿ ಮುಗಿಯುವವರೆಗೆ ರೆಪ್ಪೆ ಬಡಿಯದೆ ಕೂತಿದ್ದೆ. ದೀಪ ಹತ್ತಿದ ಮೇಲೂ ಕೂತೇ ಇದ್ದೆ. ಹೊರಗೆ ಬಂದು, ‘ಅಕ್ಷರ ಬೇಗ ಬೇಗ ಓಡಿಹೋದ್ವು, ನನ್ನ ಕಣ್ಣಿಗೆ ಸಿಗ್ಲಿಲ್ಲ’ ಅಂತ ನಕ್ಕೆ. ನಾನೂ ನಕ್ಕೆ.

ನಿನ್ನೆ ಅಷ್ಟು ಗಲಾಟೆಯಲ್ಲೂ ಒಬ್ಬಳು ಮಾತ್ರ ಏಳಲಿಲ್ಲ. ಮೂರನೆಯ ಸಾಲಿನಲ್ಲಿ ಹೂವಿನ ಬಟ್ಟೆ ತಲೆಗೆ ಸುತ್ತಿಕೊಂಡಿದ್ದ ಅಜ್ಜಿ. ಪಕ್ಕದಲ್ಲಿ ಮೊಮ್ಮಗಳು, ನಮ್ಮ ಭಾಷೆ ಕಲಿಯುತ್ತಿರುವ ಹುಡುಗಿ, ಪರದೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿ ಅಜ್ಜಿಯ ಕಿವಿಯಲ್ಲಿ ಹೇಳುತ್ತಿತ್ತು. ಎಲ್ಲರೂ ಮರಳಿ ಬಂದು ಕೂತ ಮೇಲೆ ನನ್ನನ್ನು ವೇದಿಕೆಗೆ ಕರೆದರು. ಮೊದಲು ಕೈ ಎತ್ತಿದ್ದೇ ಈ ಅಜ್ಜಿ. ಹೆಸರು ಸುಮಾರ್ನಿ, ಇಲ್ಲಿಯ ಕಡಲ ದಂಡೆಯಲ್ಲಿ ಮೀನು ಮಾರುವವಳು. ಎಂದಾಂಗ್ ಎಂಬ ದುಭಾಷಿ ಅವಳ ಮಾತನ್ನು ನನಗೆ ಹೇಳಿದರು: ‘ಆ ಮೀನು ಸೀಳೋ ಹೆಂಗ್ಸು ಯಾರ್ರೀ? ಅದು ನಾಟಕದ ಕೈ ಅಲ್ಲ. ನಾನೂ ಐವತ್ತು ವರ್ಷ ಸೀಳಿದೀನಿ, ನಂಗೊತ್ತಾಗತ್ತೆ. ಹೆಸರು ಬರ್ಲಿ ಅಂತ ಕೊನೇವರ್ಗೂ ಕೂತಿದ್ದೆ. ಡ್ರೈವರ್ ಹೆಸರು ಬಂತು, ಊಟ ತಂದೋರ ಹೆಸರು ಬಂತು. ಅವಳದ್ದು ಬರ್ಲೇ ಇಲ್ವಲ್ಲ?’

ಅಕ್ಕಾ, ನಾನು ಏನು ಹೇಳಿದೆ ಗೊತ್ತೇ? ತಲೆ ತಗ್ಗಿಸಿ, ಕೈ ಆಡಿಸಿ, ‘ಅಯ್ಯೋ, ಅವಳು ನಟಿಯೇನಲ್ಲ. ಏನೂ ತಿಳಿಯದ ಹಳ್ಳಿ ಹೆಂಗಸು, ನಮ್ಮ ಸಂಬಂಧದವಳೇ. ಇಂಥವಳನ್ನು ನಿಮಗೆ ತೋರಿಸಬೇಕಾಯಿತು, ಕ್ಷಮಿಸಿ’ ಅಂದೆ. ಎಂದಾಂಗ್ ಮೈಕನ್ನು ಕೆಳಗಿಳಿಸಿ ಮೆಲ್ಲಗೆ, ‘ಹೀಗೇ ಹೇಳ್ಲಾ ಸಾರ್?’ ಎಂದು ಕೇಳಿದರು. ಹೇಳಿ ಅಂದೆ. ನಮ್ಮೂರಲ್ಲಿ ಇದು ದಿನಾ ಆಡುವ ಮಾತು ತಾನೇ? ಹೊರಗಿನವರ ಮುಂದೆ ನಮ್ಮವರನ್ನು ಯಾರು ಹೊಗಳುತ್ತಾರೆ? ಪೇಪರಿನಲ್ಲಿ ನನ್ನ ಫೋಟೋ ಬಂದಾಗ ನೀನು ಶೆಡ್ಡಿನ ಹೆಂಗಸರಿಗೆ, ‘ನಮ್ಮ ಹುಡ್ಗನಾ? ದಂಡಪಿಂಡ. ಯಾರೋ ಗೊತ್ತಿಲ್ದೆ ಅಚ್ಚು ಹಾಕಿರ್ಬೇಕು’ ಅಂದಿದ್ದೆ. ಅಂದವಳೇ ಏಳು ಪ್ರತಿ ಕೊಂಡು ತಂದಿದ್ದೆ. ಅವರೆಲ್ಲ ‘ಛೇ ಛೇ, ಹಾಗನ್ಬೇಡಿ ತೊಕಿಯೆ’ ಅಂದಿದ್ದರು. ನಾವು ಒಂದು ಮಾತು ಇಳಿಸುವುದು, ಎದುರಿನವರು ಅದನ್ನು ಎತ್ತುವುದು. ನಾನೂ ತಲೆ ತಗ್ಗಿಸಿಕೊಂಡು ಆ ‘ಛೇ ಛೇ’ಗೆ ಕಾದೆ. ಮುನ್ನೂರು ಜನ ಇದ್ದರು, ಒಬ್ಬರೂ ಅನ್ನಲಿಲ್ಲ.

ಅಜ್ಜಿ ಮಾತ್ರ ಬಿಡಲಿಲ್ಲ. ‘ಸಂಬಂಧ ಅಂದ್ರೆ ಏನಾಗ್ಬೇಕು ನಿಮ್ಗೆ?’ ಅಕ್ಕ, ಅಂದೆ. ‘ತಾಯಿ?’ ನನಗೆ ಐದು ವರ್ಷವಾದಾಗ ಹೋದರು, ಅಂದೆ. ‘ಹಂಗಾದ್ರೆ ಸಾಕಿದ್ದು ಇವಳೇ, ಅದೇ ಕತ್ತಿ ಹಿಡ್ದು.’ ಹೂಂ, ಅಂದೆ. ‘ಸಾಕಿದೋಳನ್ನ ಇಷ್ಟು ಜನರ ಮುಂದೆ ಹೀಗನ್ನೋಕೆ ನಾಚ್ಕೆ ಆಗಲ್ವೇನಪ್ಪಾ?’ ನಮ್ಮಲ್ಲಿ ಹಾಗೆ ಹೇಳುವುದು ಮರ್ಯಾದೆ, ನಮ್ಮವರನ್ನು ನಾವು ಮೆರೆಸುವುದಿಲ್ಲ ಎಂದು ವಿವರಿಸಲು ಹೊರಟೆ. ಮಾತನ್ನು ಅರ್ಧಕ್ಕೇ ಬಿಟ್ಟೆ. ಯಾಕೆಂದರೆ ನನ್ನ ಮಟ್ಟಿಗೆ ಅದು ಮರ್ಯಾದೆಯ ಮಾತಾಗಿರಲಿಲ್ಲ. ಸಂಪ್ರದಾಯದ ಹೆಸರು ಹೇಳಿ ತಪ್ಪಿಸಿಕೊಳ್ಳಲು ನೋಡಿದೆ, ಸಿಕ್ಕಿಬಿದ್ದೆ. ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಹೊರಗೆ ಬಂದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಮೊಮ್ಮಗಳ ಕೈಯಲ್ಲಿ ದೊಡ್ಡ ಪೊಟ್ಟಣ, ಅಜ್ಜಿಯೇ ಒಣಗಿಸಿದ ಮೀನಿನ ಹಪ್ಪಳ. ‘ಆ ಹೆಂಗ್ಸಿಗೆ ಕೊಡಿ. ನಿಮ್ಗಲ್ಲ’ ಎಂದು ಅಜ್ಜಿ ಮೊಮ್ಮಗಳಿಂದ ಹೇಳಿಸಿದಳು. ಮೇಲೆ ಬರೆಯಬೇಕು, ಹೆಸರು ಹೇಳಿ ಅಂದಳು. ನರುಮಿ ತೊಕಿಯೆ ಅಂದೆ. ಮೊಮ್ಮಗಳು ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿತು. ಈ ಸಿನಿಮಾದ ಮಾತು ಬಂದಾಗ ನಾನು ಬಾಯಿಬಿಟ್ಟು ನಿನ್ನ ಹೆಸರು ಹೇಳಿದ್ದು ಇದೇ ಮೊದಲು. ಪೊಟ್ಟಣ ಈಗ ಮೇಜಿನ ಮೇಲಿದೆ. ನಾನು ಒಂದೂ ಮುಟ್ಟಿಲ್ಲ. ಈ ಕಾಗದದ ಜೊತೆಗೇ ಕಳಿಸುತ್ತೇನೆ, ಎಣ್ಣೆ ಚೆನ್ನಾಗಿ ಕಾದ ಮೇಲೆ ಹಾಕು.

ಶೆಡ್ಡಿನ ಎಲ್ಲರಿಗೂ ನನ್ನ ನಮಸ್ಕಾರ ಹೇಳು. ಅಮ್ಮನ ಫೋಟೋದ ಮುಂದೆ ನನ್ನ ಪರವಾಗಿ ಒಂದು ಊದುಬತ್ತಿ ಹಚ್ಚು. ನನಗೆ ಬಯ್ಯಬೇಕು ಅನ್ನಿಸಿದರೆ ಫೋಟೋದ ಮುಂದೆಯೇ ಬಯ್ಯಿ, ಅಮ್ಮನೂ ಕೇಳಲಿ.

ನಿನ್ನ ತಮ್ಮ,
ಕೆನ್‌ಗೊ

ಅಂಚೆಗೆ ಹೊತ್ತಾಯಿತು, ಹೇಳಬೇಕಾದದ್ದನ್ನು ಇನ್ನೂ ಹೇಳಿಲ್ಲ. ಅಕ್ಷರ ಬೇಗ ಓಡಲಿಲ್ಲ ಅಕ್ಕಾ. ಪಟ್ಟಿ ಮಾಡಿದಾಗ ಅದರಲ್ಲಿ ನಿನ್ನ ಹೆಸರು ಇತ್ತು, ಆಮೇಲೆ ನಾನೇ ತೆಗೆಸಿದೆ. ನರುಮಿ ತೊಕಿಯೆ, ಅದರ ಕೆಳಗೆ ನರುಮಿ ಕೆನ್‌ಗೊ ಎಂದು ಓದಿದರೆ ನಾನು ಬಂಗುಡೆ ಸೀಳುವವಳ ತಮ್ಮ ಎಂದು ಟೋಕಿಯೋದವರಿಗೆ ತಿಳಿದುಬಿಡುತ್ತದೆ ಎಂದು ನಾಚಿಕೆಪಟ್ಟೆ. ‘ಮನೆಯವರ ಹೆಸರು ಮೆರೆಸುವುದು ಬೇಡ’ ಎಂದು ವಿನಯದ ಮಾತಾಡಿದೆ, ಎಂಥ ಸಂಕೋಚದ ಮನುಷ್ಯ ಎಂದು ಎಲ್ಲರೂ ಮೆಚ್ಚಿಕೊಂಡರು. ಆಗಸ್ಟಿನಲ್ಲಿ ಸಭಾಭವನದ ಹೊರಗೆ ನೀನು ತಪ್ಪನ್ನು ಕಣ್ಣಿನ ಮೇಲೆ ಹಾಕಿದಾಗ, ನಿಜ ಗೊತ್ತಿದ್ದೂ ನಾನು ನಕ್ಕುಬಿಟ್ಟೆ. ಹೆಸರನ್ನು ಮತ್ತೆ ಸೇರಿಸಲು ಇವತ್ತು ಟೋಕಿಯೋಗೆ ಬರೆದಿದ್ದೇನೆ. ಕತ್ತಿ ಕೆಳಗಿಡಬೇಡ. ನಿನ್ನ ಕಣ್ಣಿಗೆ ಏನೂ ಆಗಿಲ್ಲ, ಅವತ್ತು ನೀನು ಸರಿಯಾಗಿಯೇ ಓದಿದ್ದೆ.