ಬೂದಿ ಮ್ಯಾಲಿನ ಹೆಜ್ಜಿ

ಆನೆಗೊಂದಿ
ಪುಷ್ಯ ಮಾಸ, ಗುರುವಾರ
ಸನ್ ೧೯೩೯

ಕುಷ್ಟಗಿ ಸೊಸಿಯಾದರೂ ನನ್ನ ಹೆಗಲ ಮ್ಯಾಲೆ ಬೆಳೆದ ಶಿವಬಸವ್ವಗ ಮಾಮನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ನಿನ್ನ ಅತ್ತಿಮನ್ಯಾಗ ಎಲ್ಲರೂ ಕೂಡಿ, ನಿಮ್ಮ ಅಮರಪ್ಪ ಮಾಮ ಇಲ್ಲದ ಚಿರತಿ ಹುಟ್ಟಿಸಿದನಂತಲ್ಲ ಅಂತ ನಕ್ಕದ್ದು, ನೀ ತಲಿ ತಗ್ಗಿಸಿ ಒಳಗ ಹೋದದ್ದು ಓದಿದೆ. ಅದಕ್ಕ ಖರೆ ಮಾತು ನಿನಗೊಬ್ಬಾಕಿಗೇ ಬರೀತೀನಿ.

ಈ ಸೀಮ್ಯಾಗ ನನ್ನಂಗ ಹೆಜ್ಜಿ ಓದಾವ ಇನ್ನೊಬ್ಬಿಲ್ಲ. ಬಡಾಯಿ ಅಲ್ಲ, ನಾಲ್ಕನೇ ಇಯತ್ತೆ ಮುಗಿಸಿದ ಕಣ್ಣು ಇವು. ನೀ ಸಣ್ಣಾಕಿದ್ದಾಗ ಹೊಳಿ ಉಸುಕಿನ್ಯಾಗ ನೀರುನಾಯಿ ಹೆಜ್ಜಿ ಕಲಿಸಿದ್ದೆನಲ್ಲ, ಅದೇ ವಿದ್ಯೆ. ಒಲಿ ಬೂದಿ ಅರಿವ್ಯಾಗ ಸೋಸಿ, ಗುಡ್ಡದ ಸಂದಿ ದಾರಿಗೆ ಮೊಳ ಅಗಲ ಹರವಿ ಬರೂದು. ಮುಂಜಾನೆ ಯಾರು ಬಂದು ಹೋದರಂತ ಬೂದಿನೇ ಹೇಳತೈತಿ. ಬೋನು ಬ್ಯಾಡ, ಬಂದೂಕು ಬ್ಯಾಡ.

ಆದರ ಗುಡ್ಡದಾಗ ಚಿರತಿ ಹೆಜ್ಜಿ ಕಂಡೀನಿ ಅಂತ ಗಂಗಾವತಿ ಚಹಾದ ಅಂಗಡ್ಯಾಗ ಬಾಯಿ ಬಿಟ್ಟೆ. ಮಾತು ಒಬ್ಬ ಶಿಕಾರಿ ಸಾಹೇಬರ ಕಿವಿಗೆ ಬಿತ್ತು. ಹೆಜ್ಜಿ ತೋರಿಸು, ಜಂಗಲ್ ಪಹರೆ ನೌಕರಿ ಕೊಡಿಸ್ತೀನಿ ಅಂದರು. ನಾನೂ ಎದಿ ಉಬ್ಬಿಸಿ, ಸೋಮವಾರ ಬರ್ರಿ ಅಂದೆ.

ಸೋಮವಾರ ಬೆಳಗಾಗೂದಕ್ಕ ಹೋಗಿ ನೋಡಿದೆ. ದೊಡ್ಡ ಹೆಜ್ಜಿ, ಬಲಗಡೆ ಹಿಂಗಾಲಿಗೆ ನಾಲ್ಕರಾಗ ಒಂದು ಬೆರಳಿಲ್ಲ. ಅದರ ಬಾಜೂಕ ಎರಡು ಮರಿಗಳ ಹೆಜ್ಜಿ, ಒಂದೊಂದು ರೂಪಾಯಿಯಷ್ಟು ಅಗಲ. ತೋರಿಸಿದರ ತಾಯಿ, ಮರಿ ಮೂರೂ ಸಾಹೇಬರ ಬಂದೂಕಿಗೆ. ಅಳಿಸೋಣ ಅಂದರ ಸಾಹೇಬರ ಆಳು ಅಲ್ಲಾಸಾಬ ಬಂಡಿಗಲ್ಲಿನ ಮ್ಯಾಲೆ ಕೂತು ನನ್ನನ್ನೇ ನೋಡಾಕತ್ತಿದ್ದ.

ಅಷ್ಟರಾಗ ಕಟ್ಟಿಗಿಗೆ ಹೊಂಟಿದ್ದ ಮಾರೆವ್ವ ಆ ಬೂದಿ ಕಂಡು ಚಪ್ಪಲಿ ಬಿಟ್ಟಳು. "ಯಾವ ಮಠದ ಅಜ್ಜಾರು ಬಂದು ಹೋದರೋ ಅಮರಪ್ಪಣ್ಣ, ದಾರೀಗೆ ವಿಭೂತಿ ಹಾಸ್ಯಾರಲ್ಲ?"

ನಾನೂ ಚಪ್ಪಲಿ ಬಿಟ್ಟೆ. ಕೈ ಮುಗಿದು ನಿಂತೆ.

ಆಕಿ ಹಣಿಗೆ ಹಚ್ಚಿಕೊಂಡು ಓಣಿಗೆ ಕೂಗು ಹಾಕಿದಳು. ಅರ್ಧ ತಾಸಿನ್ಯಾಗ ಊರೇ ಬಂತು. ಕೂಸಿನ ಹಣಿಗಿಷ್ಟು, ಎತ್ತಿನ ಹಣಿಗಿಷ್ಟು, ಉಳಿದದ್ದು ಸೆರಗಿನ ಗಂಟಿಗೆ. ತಡೀಲಿಕ್ಕೆ ಇಳಿದು ಬಂದ ಅಲ್ಲಾಸಾಬ ಅಷ್ಟು ಹೆಂಗಸರನ್ನ ಕಂಡು ತಿರುಗಿ ಕಲ್ಲು ಏರಿದ. ಸಾಹೇಬರ ಮೋಟಾರು ಬಂದಾಗ ದಾರಿ ತುಂಬ ಮನುಷ್ಯರ ಹೆಜ್ಜಿ. ಎಲ್ಲಿ ನಿನ್ನ ಚಿರತಿ ಅಂತ ಕೇಳಿದರು.

"ಇಲ್ರಿ" ಅಂದೆ. ನನ್ನ ಬಾಯಿಂದ ಇಷ್ಟು ಸಣ್ಣ ಮಾತು ಹಿಂದ ಬಂದಿದ್ದಿಲ್ಲ. ಝೂಟಾ ಅಂತ ಎಲ್ಲರ ಮುಂದ ಬೈದು ಹೋದರು. ನೌಕರಿ ನಾನೇ ಒಲ್ಲೆ ಅಂದೆ ಅಂತ ಹಿಂದಿನ ಕಾಗದದಾಗ ಬರೆದಿದ್ದೆನಲ್ಲ, ಅದು ಸುಳ್ಳು. ಚಿರತಿ ಸುಳ್ಳಲ್ಲ.

ಹತ್ತು ದಿನ ಆತು. ಬ್ಯಾರೆ ಬ್ಯಾರೆ ಸಂದಿಗೆ ಬೂದಿ ಹಾಕಿ ನೋಡತೀನಿ. ಮೊಲ, ಮುಳ್ಳಹಂದಿ, ನವಿಲು. ಆಕಿ ಇಲ್ಲ. ಗದ್ದಲಕ್ಕ ಅಂಜಿ ಮರಿ ಕಟ್ಟಿಕೊಂಡು ಎಲ್ಲಿಗೆ ಹೋದಳೋ, ಹಾದ್ಯಾಗ ಬಂದೂಕಿನವರು ಸಿಕ್ಕರೋ. ಉಣ್ಣಾಕ ಕೂತವ ಅರ್ಧಕ್ಕೇ ಏಳತೀನಿ. ಪಾತ್ರಿ ತಿಕ್ಕಾಕ ಒಲ್ಯಾಗ ಬೂದಿ ಉಳಿಸವಲ್ಲಿ ಅಂತ ನಮ್ಮ ಮನಿಯಾಕಿ, ನಿನ್ನ ಅತ್ತಿ ಕಳಕಮ್ಮ ಬೈತಾಳ.

ಈ ಮಾತು ಅಲ್ಲಿ ಯಾರ ಮುಂದೂ ಆಡಬ್ಯಾಡ, ನಗೋರು ನಗಲಿ. ನೀ ತಲಿ ಮಾತ್ರ ತಗ್ಗಿಸಬ್ಯಾಡ.

ಊರಿಗೆಲ್ಲ ಸುಳ್ಳನಾದ ನಿನ್ನ ಮಾಮ,
ಅಮರಪ್ಪ

ತಾ.ಕ.: ಕಾಗದ ಮಡಚೂ ಮುಂದ ತಡೀಲಾರದ ಮತ್ತೊಮ್ಮೆ ಗುಡ್ಡಕ್ಕ ಹೋಗಿ ಬಂದೆ. ಇದರೊಳಗಿನ ಎಣ್ಣಿ ಕಾಗದದ ಮ್ಯಾಲೆ ಇವತ್ತಿನ ಹೆಜ್ಜಿ ತಿದ್ದಿ ಕಳಿಸೀನಿ. ದೊಡ್ಡದಕ್ಕ ಮೂರೇ ಬೆರಳು, ಆಕೀನೇ. ಬಾಜೂಕ ಸಣ್ಣದು ಒಂದೇ ಐತಿ. ಇನ್ನೊಂದು ಮರಿ ಅವ್ವನ ಹೆಜ್ಜಿ ಮ್ಯಾಲೇ ಕಾಲಿಟ್ಟು ನಡದಿರಬೇಕು ಅನ್ನತೀನಿ, ಆದರ ನನಗ ಓದಾಕ ಬರವಲ್ದು. ನೀ ನೋಡಿ, ಲಗೂನ ಬರಿ.